ಚೊಕ್ಕ ಮಾಡಿದ ಹಾಡು

ಗದ್ದಲ ಅಂತೀರಲ್ಲ, ಹೇಳೋಕೆ ಬಾಯಾದ್ರೂ ಹೇಗೆ ಬರುತ್ತೆ, ಆ ಗದ್ದಲ ನಾನು ಕಣ್ರೀ, ನನ್ನನ್ನೇ ಕತ್ತರಿಸಿ ಬಿಸಾಕಿ ಈಗ ಕೈಮುಗೀತಾ ನಿಂತಿದ್ದೀರಾ — ತನ್ನ ಗಂಟಲೇ ತನಗೆ ಹರಕು ತಗಡಿನ ಹಾಗೆ ಕೇಳಿಸಿತು ಅವಳಿಗೆ, ಕೇಳಿಸಲಿ, ಕೂತವರೆಲ್ಲ ತಿರುಗಿ ನೋಡಲಿ, ಹಳೆಯ ಧ್ವನಿಗಳ ಸಂಗ್ರಹಾಲಯದಿಂದ ಬಂದವನು ಸಣ್ಣ ಸ್ಪೀಕರಿನ ಪಕ್ಕ ನಿಂತುಕೊಂಡು, ಅಕ್ಕಾ, ಮಗು ಅಳೋದು, ಕೆಮ್ಮು, ಮಧ್ಯದ ಮಾತು, ಆ ಗದ್ದಲ ಎಲ್ಲ ತೆಗೆದು ನಿಮ್ಮಮ್ಮನ ಹಾಡಷ್ಟೇ ಉಳಿಸಿದ್ದೀವಿ, ಎಷ್ಟು ಚೊಕ್ಕವಾಗಿದೆ ನೋಡಿ, ಅನ್ನುತ್ತಾನೆ, ಪಾಪ, ಊರಿನ ಹಾಡು ಊರಿಗೆ ತಲುಪಿಸಲೆಂದು ಬಸ್ಸು ಬದಲಾಯಿಸಿ ಬಂದವನು, ಪಾಪ ಏನು ಪಾಪ, ಹಾಡು ಯಾರಿಗೆ ಬೇಕಿತ್ತು, ಹಾಡು ಇಲ್ಲಿ ಎಲ್ಲರಿಗೂ ಬರುತ್ತೆ, ಚಿಕ್ಕಮ್ಮ ಅಮ್ಮನಿಗಿಂತ ಚೆನ್ನಾಗಿ ಹಾಡುತ್ತಾಳೆ, ಅಮ್ಮನ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ — ಹಾಡು ರೆಕಾರ್ಡ್ ಮಾಡಿದ ಅವತ್ತೂ ಇದೇ ಕೋಣೆ, ಹೊರಗಿನ ಸದ್ದು ಬಾರದಿರಲೆಂದು ಕಿಟಕಿ ಮುಚ್ಚಿದ್ದರು, ಸೆಖೆ, ಟೇಪಿನ ಚಕ್ರ ತಿರುಗುತ್ತಿತ್ತು, ತಾನು ಅಮ್ಮನ ತೋಳು ಜಗ್ಗಿ ಜಗ್ಗಿ ರಚ್ಚೆ ಹಿಡಿದಿದ್ದಳು, ಅಮ್ಮ ಹಾಡು ನಿಲ್ಲಿಸಿ ಏನೋ ಅಂದಳು, ಎಲ್ಲರೂ ಘೊಳ್ಳೆಂದು ನಕ್ಕರು, ನಗು ನೆನಪಿದೆ, ಮಾತು ನೆನಪಿಲ್ಲ, ಬೈದಳೋ ಮುದ್ದು ಮಾಡಿದಳೋ, ಮುಂದಿನ ಬೇಸಿಗೆಗೆ ಅಮ್ಮನೇ ಇರಲಿಲ್ಲ, ಏನಂದಳು ಚಿಕ್ಕಮ್ಮಾ ಅಂತ ಎಷ್ಟು ಸಲ ಕೇಳಿಲ್ಲ, ಅಯ್ಯೋ ಅದೆಲ್ಲ ಯಾರಿಗೆ ನೆನಪಿರುತ್ತೆ ಬಿಡೇ, ಬಿಟ್ಟಿದ್ದಳು, ಟೇಪಿನಲ್ಲಿ ಇರುತ್ತೆ ಅನ್ನೋ ಧೈರ್ಯದ ಮೇಲೆ ಬಿಟ್ಟಿದ್ದಳು. ಹಾಗಾದ್ರೆ ಹಳೇ ಟೇಪನ್ನೇ ಕೊಡಿ. ಅದು ಪುಡಿಪುಡಿ ಆಗಿತ್ತಕ್ಕಾ, ಈ ಪ್ರತಿ ಮಾಡಿದ ಮೇಲೆ ಎಸೆದುಬಿಟ್ರು, ಕತ್ತರಿಸಿದ್ದನ್ನೂ ಇಟ್ಟುಕೊಂಡಿಲ್ಲ. ಅಣ್ಣ ರೇಗುತ್ತಾನೆ, ಸಾಕು ಮಾಡೇ, ಅವತ್ತೂ ಹಾಡು ಕೆಡಿಸಿದೆ, ಇವತ್ತೂ ಕೆಡಿಸ್ತೀಯಾ, ಮತ್ತೆ ನಗು, ಅಣ್ಣನಿಗೇನು, ಅಮ್ಮನ ಕೈಲಿ ಹತ್ತು ವರ್ಷ ಬೈಸಿಕೊಂಡವನು, ಕಿವಿ ತುಂಬ ಬೈಗುಳ ಕೂಡಿಟ್ಟುಕೊಂಡ ಸಾಹುಕಾರ, ತನಗೆ ಒಂದು, ಒಂದೇ ಒಂದು — ಅಯ್ಯೋ ಇನ್ನೊಂದು ಸಲ ಹಾಕಪ್ಪಾ, ಕಣ್ಣು ಒರೆಸಿಕೊಳ್ಳುತ್ತ ಚಿಕ್ಕಮ್ಮ, ಹಾಕಿದ, ಅಮ್ಮ ಹಾಡುತ್ತಾಳೆ, ಎರಡನೇ ಸಾಲು ಮುಗಿಯಿತು, ಉಸಿರೆಳೆದಳು, ಇಲ್ಲೇ, ನಿಲ್ಲಿಸಿದ್ದು ಇಲ್ಲೇ, ಕೂದಲೆಳೆಯಷ್ಟೂ ಸಂದು ಬಿಡದೆ ಮೂರನೇ ಸಾಲು, ಎಲ್ಲರೂ ದನಿ ಕೂಡಿಸಿದರು, ಅವಳು ಎದ್ದಳು, ಯಾರದೋ ಮೊಣಕಾಲು ದಾಟಿ ಬಾಗಿಲಿಗೆ ಬಂದಳು, ಎಲ್ಲಿಗೇ, ಊಟ ಮಾಡ್ಕೊಂಡು ಹೋಗೇ, ಅಣ್ಣನ ದನಿ ಈಗ ಮೆತ್ತಗೆ, ತಿರುಗಲಿಲ್ಲ, ಚಪ್ಪಲಿ ಕಾಲಿಗೆ ಸಿಕ್ಕಿತೋ ಇಲ್ಲವೋ, ಓಣಿ, ಗೋಡೆ, ಗೋಡೆಯಾಚೆ ಹಾಡು ಸಣ್ಣದಾಗುತ್ತದೆ, ಇನ್ನು ಆ ಮನೆಗೆ ಕಾಲಿಡುವುದಿಲ್ಲ, ಕಣ್ಣೊಳಗೆ ಅವತ್ತಿನ ಅಮ್ಮ ಹಾಡು ನಿಲ್ಲಿಸಿ ಇತ್ತ ತಿರುಗುತ್ತಾಳೆ, ಬಾಯಿ ತೆರೆಯುತ್ತಾಳೆ — ತಿರುಗುತ್ತಾಳೆ, ಬಾಯಿ ತೆರೆಯುತ್ತಾಳೆ — ಬಾಯಿ ತೆರೆಯುತ್ತಾಳೆ —