ಕೋಟಿನ ಗುಂಡಿ

"ನಿಂದೇನಮ್ಮ ಪ್ರಾರ್ಥನೆ ವಿಷಯ?" ಎಂದು ನರ್ಸಮ್ಮ ಕೇಳಿದಾಗ ಟೈಲರಮ್ಮ ತಲೆ ತಗ್ಗಿಸಿದಳು.

ಚರ್ಚಿನ ಹಿಂದಿನ ಕೋಣೆಯಲ್ಲಿ ಹೆಂಗಸರ ಪ್ರಾರ್ಥನಾ ಕೂಟ ನಡೆದಿತ್ತು. ದುಂಡಗೆ ಹಾಕಿದ ಕುರ್ಚಿಗಳಲ್ಲಿ ಕೂತು ಒಬ್ಬೊಬ್ಬರೇ ತಮ್ಮ ಭಾರ ಹೇಳಿಕೊಂಡಿದ್ದರು. ಒಬ್ಬಳದು ಮಗಳ ಪರೀಕ್ಷೆ, ಇನ್ನೊಬ್ಬಳದು ಅತ್ತೆಯ ಮೊಣಕಾಲು. ಹೇಳಿದಷ್ಟನ್ನು ಕೇಳಬೇಕು, ಕೆದಕಬಾರದು ಎಂಬುದು ಕೂಟದ ನಿಯಮ. ಆ ನಿಯಮ ತಂದವರೇ ನರ್ಸಮ್ಮ. ಕೆದಕುವಂತಿಲ್ಲವಲ್ಲ, ಪಾಪ, ಎಲ್ಲರೂ ಊಹಿಸುವುದರಲ್ಲಿ ಚೆನ್ನಾಗಿ ಪಳಗಿಬಿಟ್ಟಿದ್ದರು.

"ನಂಗೊಂದು ಶೋಧನೆ ಬಂದಿದೆ ಅಕ್ಕ," ಎಂದಳು ಟೈಲರಮ್ಮ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. "ಕೆಟ್ಟ ಆಸೆ, ಬೇಡ ಅಂತ ಗೊತ್ತು. ಆದ್ರೂ ಮಧ್ಯಾಹ್ನ ಆಯ್ತು ಅಂದ್ರೆ ಮನಸ್ಸು ಅಲ್ಲಿಗೇ ಓಡತ್ತೆ. ತಡ್ಕೊಳ್ಳೋಕೆ ದೇವರು ಬಲ ಕೊಡ್ಲಿ ಅಂತ ಕೇಳ್ಕೊಳ್ಳಿ."

ಯಾರೂ ಏನೂ ಕೇಳಲಿಲ್ಲ. ನರ್ಸಮ್ಮ ಮಾತ್ರ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಲ್ಲ ಅರ್ಥವಾಯಿತೆಂಬಂತೆ ತಲೆಯಾಡಿಸಿದರು. ಕೊನೆಗೆ ಎಲ್ಲರೂ ಕಣ್ಣು ಮುಚ್ಚಿ ಕರ್ತನು ಕಲಿಸಿದ ಪ್ರಾರ್ಥನೆ ಹೇಳಿದರು. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದರೂ, 'ನಮ್ಮನ್ನು ಶೋಧನೆಯೊಳಗೆ ಸೇರಿಸದೆ' ಎಂಬ ಸಾಲನ್ನು ಅವಳು ಹೇಳದೆ ದಾಟಿಸಿದಳು.

ಅವಳ ಶೋಧನೆಗೆ ನರೆತ ಕೂದಲು, ಮೆದು ದನಿ, ಒಂದು ಬೂದು ಬಣ್ಣದ ಕೋಟು ಇದ್ದವು. ಸಂಗೀತದ ಮೇಷ್ಟ್ರು ಮೊದಲ ಸಲ ಅಂಗಡಿಗೆ ಬಂದಿದ್ದು ಆ ಕೋಟಿನ ಗುಂಡಿ ಬಿದ್ದಿದೆ ಎಂದು. ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ಮನುಷ್ಯ. ಗುಂಡಿ ಹಾಕುವಷ್ಟು ಹೊತ್ತು ಸ್ಟೂಲಿನ ಮೇಲೆ ಕೂತು ಅವಳ ಮಾತು ಕೇಳಿದ. ಕೇಳಿದ ಎಂದರೆ, ನಡುವೆ ಬಾಯಿ ಹಾಕದೆ, ಗಡಿಯಾರ ನೋಡದೆ ಕೇಳಿದ. ಮುಂದಿನ ವಾರ ಇನ್ನೊಂದು ಗುಂಡಿ ಬಿತ್ತು. ಆಮೇಲೆ ಮತ್ತೊಂದು.

ಹೊಲಿಯುವವಳ ಕಣ್ಣಿಗೆ ಇಂಥದ್ದು ಮರೆಯಾಗುತ್ತದೆಯೇ? ತಾನಾಗಿ ಬಿದ್ದ ಗುಂಡಿಯ ಜಾಗದಲ್ಲಿ ಸವೆದು ಎಳೆಎಳೆಯಾದ ದಾರ ಉಳಿದಿರುತ್ತದೆ. ಮೇಷ್ಟ್ರ ಕೋಟಿನಲ್ಲಿ ದಾರದ ತುದಿಗಳು ನೀಟಾಗಿ, ಒಂದೇ ಸಮ ಇದ್ದವು. ಬ್ಲೇಡಿನಲ್ಲಿ ಕತ್ತರಿಸಿದ್ದು. ತನ್ನ ಅಂಗಡಿಗೆ ಬರುವುದಕ್ಕೆಂದೇ ಒಬ್ಬ ಗಂಡಸು ಮನೆಯಲ್ಲಿ ಕೂತು ಕೋಟಿನ ಗುಂಡಿ ಕತ್ತರಿಸುತ್ತಾನೆ! ಇದು ಗೊತ್ತಾದ ದಿನ ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಸುಮ್ಮನಿದ್ದದ್ದೇ ತಪ್ಪಿನ ಮೊದಲ ಹೆಜ್ಜೆಯೆಂದು ಅವಳಿಗೂ ಗೊತ್ತಿತ್ತು. ಆದರೆ ಎಷ್ಟು ಹಿತವಾಗಿತ್ತು ಆ ಗುಟ್ಟು!

ಮನೆಯಲ್ಲಿ ಗಂಡ ಕೆಟ್ಟವನೇನಲ್ಲ. ಬಸ್ ಓಡಿಸುವವನು. ದಿನವಿಡೀ ಹಾರ್ನಿನ ಗಲಾಟೆಯಲ್ಲಿ ಇದ್ದು ಬಂದವನಿಗೆ ಮನೆಯಲ್ಲಿ ಮಾತೇ ಬೇಡ. ಅವಳು ಏನಾದರೂ ಹೇಳತೊಡಗಿದರೆ ಹೂಂ ಎನ್ನುತ್ತ ಕೂತಲ್ಲೇ ತೂಕಡಿಸುತ್ತಿದ್ದ. ಹೀಗಿರುವಾಗ ಮೊನ್ನೆ ಮೇಷ್ಟ್ರು, "ಈ ಸಲ ಕೋಟು ನೀವೇ ಮನೆಗೆ ತಂದುಕೊಡಿ. ಗುರುವಾರ ಮಧ್ಯಾಹ್ನ. ನಿಮಗೆ ಪಿಯಾನೊ ಕೇಳಿಸ್ಬೇಕು. ಯಾರೂ ಇರಲ್ಲ," ಎಂದಿದ್ದ. ಅವಳು ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ.

ಕೂಟದ ಮರುದಿನವೇ ಗುರುವಾರ. ಬೆಳಗ್ಗೆ ಅಂಗಡಿಯ ಬಾಗಿಲನ್ನು ಅರ್ಧ ತೆರೆದು, ಮಿಷನ್ನಿನ ಮುಂದೆ ಕೂತು ಅವಳು ಕೋಟನ್ನು ತೊಡೆಯ ಮೇಲೆ ಹರಡಿಕೊಂಡಳು. ಇಸ್ತ್ರಿ ಮಾಡುವಾಗ ಕಾಲರಿಗೆ ಮೂಗು ತಾಗಿಸಿದ್ದು ನೆನಪಾಗಿ ಮುಖ ಬಿಸಿಯಾಯಿತು. ತಾನು ಇವತ್ತು ಬೆಳಗ್ಗೆ ಒಳ್ಳೆ ಸೀರೆ ಉಟ್ಟು ಬಂದಿದ್ದೇನೆಂದೂ ಆಗಲೇ ಗಮನಕ್ಕೆ ಬಂತು.

"ಕರ್ತನೇ," ಎಂದಳು ಮೆಲ್ಲಗೆ, ಸೂಜಿ ಚುಚ್ಚದಂತೆ ಹಾಕಿದ್ದ ಬೆರಳಿನ ಟೋಪಿಯನ್ನೂ ತೆಗೆಯದೆ ಕೈ ಜೋಡಿಸಿ. "ನಿನ್ ಹತ್ರ ಸುಳ್ಳು ಹೇಳಿ ಏನು ಪ್ರಯೋಜನ? ನಂಗೆ ಹೋಗ್ಬೇಕು ಅನ್ನಿಸ್ತಿದೆ. ಆ ಆಸೆ ಕಿತ್ತು ಹಾಕು. ಅದು ಆಗಲ್ಲ ಅಂದ್ರೆ ಬಾಗಿಲಿಗೆ ಯಾರನ್ನಾದ್ರೂ ಅಡ್ಡ ನಿಲ್ಸು. ನನ್ನೊಬ್ಬಳ ಕೈಲಿ ಆಗಲ್ಲಪ್ಪಾ."

ಆಸೆ ಹೋಗಲಿಲ್ಲ. ಮಧ್ಯಾಹ್ನವಾಗುತ್ತ ಅದು ಇನ್ನಷ್ಟು ಬಲಿಯಿತು. ಅವಳು ಕನ್ನಡಿ ನೋಡಿ ಕೂದಲು ಸರಿಮಾಡಿಕೊಂಡು, ಕೋಟನ್ನು ಮಡಚಿ ತೋಳಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು.

ಬಾಗಿಲಲ್ಲಿ ನರ್ಸಮ್ಮ ನಿಂತಿದ್ದರು. ಅವರ ಹಿಂದೆ ಕೊಡೆ, ಹೆಣಿಗೆಯ ಚೀಲ ಹಿಡಿದು ಕೂಟದ ಇನ್ನಿಬ್ಬರು. ದೇವದೂತರು ಬರುತ್ತಾರೆಂದು ಟೈಲರಮ್ಮ ಕಾದಿರಲಿಲ್ಲ, ನಿಜ. ಆದರೆ ಇವರನ್ನಂತೂ ಕನಸಿನಲ್ಲೂ ಎಣಿಸಿರಲಿಲ್ಲ.

"ಸುಮ್ನೆ ಬಂದ್ವಿ ಕಣೇ," ಎನ್ನುತ್ತ ನರ್ಸಮ್ಮ ಒಳಗೆ ನುಗ್ಗಿ ಮೇಷ್ಟ್ರ ಸ್ಟೂಲಿನ ಮೇಲೇ ಕೂತರು. "ಇವತ್ತು ಸಂಜೆವರೆಗೂ ಇಲ್ಲೇ ಇರ್ತೀವಿ. ನೀನೇನೂ ಹೇಳ್ಬೇಡ. ನಂಗೆ ಎಲ್ಲಾ ಗೊತ್ತು."

ಟೈಲರಮ್ಮ ಕೋಟನ್ನು ಸೆರಗಿನ ಮರೆಗೆ ಸರಿಸಿದಳು. "ಏನು ಗೊತ್ತು ಅಕ್ಕ?"

"ನಿಂಗೆ ಸಕ್ಕರೆ ಕಾಯಿಲೆ. ಪಕ್ಕದಲ್ಲೇ ಬೇಕರಿ. ಮಧ್ಯಾಹ್ನ ಅವನು ಒಲೆ ತೆಗೆದ ಅಂದ್ರೆ ಈ ಘಮಕ್ಕೆ ಸಂನ್ಯಾಸಿ ಬಾಯಲ್ಲೂ ನೀರು ಬರತ್ತೆ. ಇದಕ್ಕೆಲ್ಲಾ ನಾಚ್ಕೋತಾರೇನೇ? ಎಷ್ಟು ಜನ ಪೇಷಂಟ್‌ಗಳನ್ನ ನೋಡಿಲ್ಲ ನಾನು!"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಈ ಕೋಟು ಒಂದು ಕೊಟ್ಟು ಬಂದ್ಬಿಡ್ತೀನಿ ಅಕ್ಕ," ಎಂದಳು.

"ಬೇಕರಿ ಮುಂದೇನೇ ದಾಟಿ ಹೋಗ್ಬೇಕಲ್ಲ! ಆಯ್ತು, ಹೋಗು. ನೀನೇನು ಚಿಕ್ಕ ಮಗುವಾ? ನಾವಿಲ್ಲಿ ಪ್ರಾರ್ಥನೆ ಮಾಡ್ತಿರ್ತೀವಿ." ಅಷ್ಟು ಹೇಳಿ ನರ್ಸಮ್ಮ ಆಗಲೇ ಕಣ್ಣು ಮುಚ್ಚಿದರು. ಉಳಿದಿಬ್ಬರೂ ಹೆಣಿಗೆ ಬದಿಗಿಟ್ಟು ಕಣ್ಣು ಮುಚ್ಚಿದರು.

ಬಾಗಿಲು ಖಾಲಿಯಿತ್ತು. ಯಾರೂ ಅಡ್ಡ ನಿಂತಿರಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದಳು. ಇಲ್ಲದ ಕೇಕಿಗಾಗಿ, ತಿನ್ನದ ಬಿಸ್ಕತ್ತಿಗಾಗಿ ಮೂವರು ಹೆಂಗಸರು ಹಣೆ ಗಂಟಿಕ್ಕಿಕೊಂಡು ದೇವರ ಬೆನ್ನುಬಿದ್ದಿದ್ದರು. ಅವಳಿಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಅವಳು ಮರಳಿ ಬಂದು ಮಿಷನ್ನಿನ ಮುಂದೆ ಕೂತಳು. ಕ್ಯಾನ್ವಾಸ್ ಚೀಲಗಳಿಗೆ ಬಳಸುವ ದಪ್ಪ ದಾರ ತೆಗೆದು, ಕೋಟಿನ ಗುಂಡಿಗಳನ್ನೆಲ್ಲ ಒಂದೊಂದಾಗಿ ಹೊಸದಾಗಿ ಹಾಕಿದಳು. ಬ್ಲೇಡು ಕೂಡ ಬೆವರಬೇಕು, ಹಾಗೆ ಸುತ್ತಿ ಸುತ್ತಿ ಗಂಟು ಹಾಕಿದಳು. ಕೆಲಸ ಮುಗಿಯುವಷ್ಟರಲ್ಲಿ ಮೇಷ್ಟ್ರು ಹೇಳಿದ ಹೊತ್ತು ಮೀರಿತ್ತು.

"ಅಕ್ಕ, ಹೋಗ್ತಾ ಈ ಕೋಟು ಸಂಗೀತದ ಮೇಷ್ಟ್ರಿಗೆ ನೀವೇ ಕೊಟ್ಟುಬಿಡ್ತೀರಾ? ಇನ್ಮೇಲೆ ಗುಂಡಿ ಬೀಳಲ್ಲ ಅಂತ ಹೇಳಿ."

"ಕೊಡೋಣ ಬಿಡು," ಎಂದರು ನರ್ಸಮ್ಮ. ಒಂದು ಗುಂಡಿಯನ್ನು ಜಗ್ಗಿ ನೋಡಿದರು. ಆಮೇಲೆ ಅವಳ ಒಳ್ಳೆ ಸೀರೆಯನ್ನು ಒಂದು ಗಳಿಗೆ ನೋಡಿದರು. ನಿಯಮ ಮಾಡಿದವರು ತಾವೇ ತಾನೆ, ಏನೂ ಕೇಳಲಿಲ್ಲ.

ಸಂಜೆ ಅವಳು ಮನೆಗೆ ಬಂದಾಗ ಗಂಡ ಯೂನಿಫಾರಂನಲ್ಲೇ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ. ಎರಡು ಲೋಟ ಟೀ ಮಾಡಿಟ್ಟಿದ್ದ. ಒಂದು ಗುಟುಕು ಕುಡಿದು ಔಷಧಿ ನುಂಗಿದವನಂತೆ ಮುಖ ಕಿವುಚಿದ.

"ಸಕ್ಕರೆ ಹಾಕೋದು ಮರೆತ್ರಾ?"

"ಸಕ್ಕರೆ ಎಲ್ಲಿದೆ? ಡಬ್ಬಾ ಪಕ್ಕದ ಮನೆಗೆ ಕೊಟ್ಬಿಟ್ಟೆ," ಎಂದ. "ನಿನ್ನೆ ಕೂಟ ಮುಗಿದ್ಮೇಲೆ ನರ್ಸಮ್ಮ ನಂಗೆ ಫೋನ್ ಮಾಡಿದ್ರು. ಮನೇಲಿ ಸಿಹಿ ಇಡ್ಬೇಡಿ, ಅವಳಿಗೆ ತಡ್ಕೊಳ್ಳೋಕಾಗ್ತಿಲ್ಲ ಅಂದ್ರು."

"ನಿಮಗೆ ಸಕ್ಕರೆ ಇಲ್ದೆ ಟೀ ಇಳಿಯಲ್ವಲ್ರೀ."

ಅವನು ಲೋಟವನ್ನು ಕೈಯಲ್ಲೇ ತಿರುಗಿಸಿದ. "ನಂಗೆ ಪ್ರಾರ್ಥನೆ ಮಾಡೋಕೆ ಬರಲ್ಲ, ನಿಂಗೇ ಗೊತ್ತು. ಚರ್ಚಲ್ಲಿ ಆಮೆನ್ ಅನ್ನೋದೂ ಎಲ್ಲರಿಗಿಂತ ಲೇಟು. ಇಷ್ಟಾದ್ರೂ ಮಾಡೋಣ ಅಂದ್ಕೊಂಡೆ. ನೀನೊಬ್ಬಳೇ ಯಾಕೆ ಒದ್ದಾಡ್ಬೇಕು?"

ಅವಳ ಕಣ್ಣು ತುಂಬಿ ಬಂತು. "ಅದು ಸಿಹಿ ವಿಷಯ ಅಲ್ಲ ರೀ..." ಎಂದಳು.

ಅವನು ತಲೆಯೆತ್ತಿ ಅವಳನ್ನು ನೋಡಿದ. ತೂಕಡಿಸದೆ, ಹೂಂ ಎನ್ನದೆ, ಬಹಳ ಹೊತ್ತು ನೋಡಿದ. "ಏನಾದ್ರೂ ಇರ್ಲಿ," ಎಂದ ಕೊನೆಗೆ. "ಹೇಳ್ಬೇಕು ಅನ್ನಿಸಿದಾಗ ಹೇಳು. ಕೇಳ್ತೀನಿ."

ಲೋಟ ಹಿಡಿದ ಅವನ ಕೈ ಆಗ ಅವಳ ಕಣ್ಣಿಗೆ ಬಿತ್ತು. ಯೂನಿಫಾರಂನ ತೋಳಿಗೆ ಗುಂಡಿ ಇರಲಿಲ್ಲ. ಆ ಜಾಗದಲ್ಲಿ ತುಕ್ಕು ಹಿಡಿದ ಪಿನ್ನು, ಅದರ ಪಕ್ಕ ಸವೆದು ಎಳೆಎಳೆಯಾದ ದಾರ. ಎಷ್ಟು ಕಾಲದಿಂದ ಹೀಗೆ ಓಡಾಡುತ್ತಿದ್ದನೋ. ಟೈಲರಮ್ಮನ ಗಂಡ!

ಅವಳು ಚೀಲದಿಂದ ಸೂಜಿ, ದಪ್ಪ ದಾರ, ಒಂದು ಗುಂಡಿ ತೆಗೆದು ಅವನ ಪಕ್ಕ ಕೂತಳು. ಪಿನ್ನು ಬಿಚ್ಚಿದಳು.

"ಶರ್ಟ್ ಬಿಚ್ಲಾ?"

"ಬೇಡ. ಹಾಗೇ ಕೂತಿರಿ."

ಅವನು ಕೈಯನ್ನು ಮೇಜಿನ ಮೇಲೆ ಚಾಚಿ ಅಲುಗದೆ ಕೂತ. ಅವಳು ಗುಂಡಿ ಹಾಕಿ, ದಾರ ಸುತ್ತಿ, ಗಂಟಿಕ್ಕಿ, ಬಗ್ಗಿ ಅವನ ಮಣಿಕಟ್ಟಿನ ಹತ್ತಿರ ದಾರವನ್ನು ಹಲ್ಲಿನಿಂದ ಕಡಿದಳು. ಅವನು ಇನ್ನೊಂದು ಕೈಯಲ್ಲಿ ಲೋಟ ಎತ್ತಿ, ಮತ್ತೊಂದು ಗುಟುಕು ಕುಡಿದು, ಮತ್ತೆ ಮುಖ ಕಿವುಚಿದ.