ಅಪ್ಪನ ಕತ್ತಿ, ನನ್ನ ಸಾಣೆ

ಅಪ್ಪ ಗಡ್ಡ ಬೋಳಿಸಿಕೊಳ್ಳುವಷ್ಟು ಹೊತ್ತೂ ನಾನು ಬಚ್ಚಲಿನ ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿರುತ್ತಿದ್ದೆ. ಒಳಗೆ ಹೋಗಿ ನೋಡುವ ಧೈರ್ಯವಿಲ್ಲ, ಅಲ್ಲಿಂದ ಸರಿಯುವ ಧೈರ್ಯವೂ ಇಲ್ಲ. ಕೆನ್ನೆಯ ಮೇಲೆ ಕತ್ತಿ ಸರ್ರನೆ ಎಳೆಯುವ ಸದ್ದು, ಚೊಂಬಿನ ನೀರಿನಲ್ಲಿ ಅದನ್ನು ಅದ್ದುವ ಸದ್ದು, ಮತ್ತೆ ಸರ್ರ್. ನಡುವೆ ಒಂದು ಗಳಿಗೆ ನಿಶ್ಶಬ್ದವಾದರೂ ಜೀವ ಬಾಯಿಗೆ ಬರುತ್ತಿತ್ತು.

ಸುಮ್ಮಸುಮ್ಮನೆ ಹೆದರುವವಳಲ್ಲ ನಾನು. ಹೃದಯದ ಆಪರೇಷನ್ ಆದ ಮೇಲೆ ಅಪ್ಪನಿಗೆ ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದರು. "ಸಣ್ಣ ಗಾಯ ಆದ್ರೂ ರಕ್ತ ಬೇಗ ನಿಲ್ಲಲ್ಲ, ಹುಷಾರು" ಎಂದು ಡಾಕ್ಟರು ಅಪ್ಪನನ್ನು ಬಿಟ್ಟು ನನ್ನ ಮುಖ ನೋಡಿ ಹೇಳಿದ್ದರು. ಅದರ ಮೇಲೆ ಕೈನಡುಕ ಬೇರೆ. ಲೋಟ ಎತ್ತಿದರೆ ಅರ್ಧ ಚಹಾ ಅಂಗಿಯ ಪಾಲು. ನಲವತ್ತು ವರ್ಷ ಕ್ಷೌರದಂಗಡಿ ನಡೆಸಿದ ಈ ಮನುಷ್ಯ, ಅಂಗಡಿ ಮುಚ್ಚಿದರೂ ಮಡಿಸುವ ಹಳೇ ಕತ್ತಿಯನ್ನು ಮಾತ್ರ ಬಿಡಲೊಲ್ಲ. ಸೇಫ್ಟಿ ರೇಜರ್ ತಂದುಕೊಟ್ಟೆ. ತಿರುಗಿಸಿ ನೋಡಿ, "ಕ್ಯಾರೆಟ್ ಹೆರೆಯೋಕೆ ಚೆನ್ನಾಗಿದೆ, ಅಡುಗೆಮನೇಲಿಡು" ಅಂದ.

ಆದರೆ ಭುಜ ಹಿಡಿದುಕೊಂಡಿದ್ದರಿಂದ ಕತ್ತಿಗೆ ಸಾಣೆ ಹಿಡಿಯುವುದು ಅವನಿಂದ ಆಗುತ್ತಿರಲಿಲ್ಲ. ಆ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಬಟ್ಟೆ ಹೊಲಿಯುವವಳು. ಕತ್ತರಿ ಮೊಂಡಾದರೆ ಸಾಣೆಯವನಿಗೆ ಕೊಟ್ಟು ಬರುವುದಷ್ಟೇ ನನಗೆ ಗೊತ್ತಿದ್ದದ್ದು.

"ಬೆನ್ನು, ಅಲಗು ಎರಡೂ ಕಲ್ಲಿಗೆ ಅಂಟ್ಕೊಂಡಿರ್ಲಿ. ಎತ್ತಬೇಡ, ಒತ್ತಬೇಡ. ಕತ್ತಿ ಭಾರವೇ ಸಾಕು" ಎಂದು ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟ. "ಕಲ್ಲಿನ ಮೇಲೆ ಅಲಗು ಮುಂದೆ ಹೋಗ್ಬೇಕು, ಚರ್ಮದ ಪಟ್ಟಿ ಮೇಲೆ ಬೆನ್ನು ಮುಂದೆ. ಮರೆತ್ಯೋ, ಪಟ್ಟಿ ಕತೆ ಮುಗೀತು."

ಎರಡನೇ ದಿನವೇ ಮರೆತೆ. ಪಟ್ಟಿಯಲ್ಲಿ ಹೆಬ್ಬೆರಳುದ್ದದ ಸೀಳು ಬಿತ್ತು. ಅಪ್ಪ ಅದನ್ನು ಸವರಿ ನೋಡಿ, "ಜೇಬು ಇಡೋಕೆ ಕತ್ತರಿಸಿದ್ಯೇನೇ?" ಎಂದು ನಕ್ಕ.

ಮೂರು ವಾರ ಕಳೆಯಿತು. ಮೊದಮೊದಲು ಕಲ್ಲಿನ ಮೇಲೆ ಕರಕರ ಅನ್ನುತ್ತಿದ್ದ ಕತ್ತಿ ಮೆಲ್ಲನೆ ಪಿಸುಗುಡಲು ಶುರುಮಾಡಿತು. ಒಂದು ಸಂಜೆ ಅಪ್ಪ ಹೆಬ್ಬೆರಳನ್ನು ಅಲಗಿಗೆ ಅಡ್ಡವಾಗಿ ಸವರಿ, ನನ್ನ ತಲೆಯಿಂದ ಒಂದು ಕೂದಲು ಕೇಳಿದ. ಕೂದಲನ್ನು ಗಾಳಿಯಲ್ಲಿ ಹಿಡಿದು ಅಲಗಿಗೆ ತಾಕಿಸಿದ್ದೇ ತಡ, ಅದು ಎರಡು ತುಂಡಾಗಿ ಬಿತ್ತು. "ಭಲೇ! ಇನ್ನು ನೀನು ನನ್ನ ಮಗಳು" ಅಂದ.

ಅವನೇನೋ ಹಿಗ್ಗಿದ. ಗಾಳಿಯಲ್ಲಿದ್ದ ಕೂದಲನ್ನೇ ಬಿಡದ ಕತ್ತಿ ನಾಳೆ ಅವನ ಕುತ್ತಿಗೆಯ ಮೇಲಿರುತ್ತದೆ. ನಡುಗುವ ಕೈ ಅವನದು, ಹರಿತ ನನ್ನದು.

ದವಡೆಯ ಕೆಳಗೆ ಅವನು ಕತ್ತಿಯ ತುದಿಯನ್ನೇ ಬಳಸುತ್ತಾನೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಅವನು ಹಾಲ್‌ನಲ್ಲಿ ರೇಡಿಯೋ ಕೇಳುತ್ತಿದ್ದಾಗ ಅಡುಗೆಮನೆಯ ಖಾಲಿ ಬಾಟಲಿ ತೆಗೆದುಕೊಂಡೆ. ಅದರ ಗಾಜಿನ ಬಾಯಿಯ ಮೇಲೆ ಕತ್ತಿಯ ತುದಿಯನ್ನು ಎರಡು ಸಲ ಎಳೆದೆ. ಒಂದು ಬೆರಳಗಲ ಮೊಂಡಾದರೆ ಕೊಯ್ಯುವುದಿಲ್ಲ ಎಂದುಕೊಂಡೆ. ಕತ್ತರಿ ಮೊಂಡಾದರೆ ರೇಷ್ಮೆ ಹೇಗೆ ಹರಿಯುತ್ತದೆಂದು ದಿನಾ ನೋಡುವ ನನಗೆ ಆಗ ಬುದ್ಧಿ ಎಲ್ಲಿ ಹೋಗಿತ್ತೋ!

ಮರುದಿನ ಕೆನ್ನೆಗಳೆರಡೂ ಸರಾಗವಾಗಿ ಮುಗಿದವು. ಆಮೇಲೆ ಸದ್ದು ತಡವರಿಸಿತು. ಒಮ್ಮೆ ಕಚ್ಚಿ ಹಿಡಿದಂತೆ ನಿಂತು, ಜೋರಾಗಿ ಎಳೆದಂತಾಯಿತು. ಚೊಂಬು ಉರುಳಿತು.

ಒಳಗೆ ನುಗ್ಗಿದೆ. ದವಡೆಯ ಕೆಳಗಿನಿಂದ ಇಳಿದ ರಕ್ತ ನೊರೆಯನ್ನೆಲ್ಲ ಕೆಂಪು ಮಾಡಿತ್ತು. ಟವೆಲ್ ಒತ್ತಿ ಹಿಡಿದೆ. ಟವೆಲ್ ತೊಯ್ದಿತು, ಇನ್ನೊಂದು ಒತ್ತಿದೆ. ನನ್ನ ಬೆರಳಿನ ಕೆಳಗೆ ಅವನ ನಾಡಿ ಬಡಿಯುತ್ತಿತ್ತು. ನಾನೇ ಕೊಂದೆ, ನಾನೇ ಕೊಂದೆ ಎಂಬುದೊಂದೇ ತಲೆಯಲ್ಲಿ. ಪಕ್ಕದ ಮನೆಯವರ ಗಾಡಿಯಲ್ಲಿ ಆಸ್ಪತ್ರೆಗೆ ಓಡಿದೆವು. ಮೂರು ಹೊಲಿಗೆ ಬಿದ್ದ ಮೇಲೆ ರಕ್ತ ನಿಂತಿತು.

ಹಿಂದಿರುಗುವಾಗ ಅಪ್ಪ ತನ್ನ ಕೈಯನ್ನೇ ನೋಡುತ್ತ ಕೂತಿದ್ದ. "ಕತ್ತಿದೇನೂ ತಪ್ಪಿಲ್ಲ. ಕೆನ್ನೆ ಮೇಲೆ ಬೆಣ್ಣೆ ಥರ ಹೋಯ್ತು. ನನ್ನ ಕೈ ಹೋಯ್ತು ಕಣೇ" ಅಂದ.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳದಿದ್ದರೆ ಅವನು ಇನ್ನು ಕತ್ತಿ ಮುಟ್ಟುವುದಿಲ್ಲ, ನನಗೆ ಬೇಕಾಗಿದ್ದೂ ಅದೇ ತಾನೆ? ಅವನು ಕತ್ತಿ ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದ. ಎರಡು ದಿನ ನೆಮ್ಮದಿಯಾಗಿದ್ದೆ. ಮೂರನೇ ದಿನ ಅಂಗಿಯ ಗುಂಡಿ ಹಾಕು ಅಂದ. ಆಮೇಲೆ ಲೋಟವನ್ನೂ ನೀನೇ ಹಿಡಿ ಅಂದ. ಹತ್ತನೇ ದಿನಕ್ಕೆ, ಗಡ್ಡ ಬೆಳೆದ ಮುಖದ ಅಪ್ಪ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕೂತುಬಿಟ್ಟಿದ್ದ. ರಕ್ತ ಕಂಡಾಗಲೂ ನನಗೆ ಅಷ್ಟು ಭಯವಾಗಿರಲಿಲ್ಲ.

ಹೊಲಿಗೆ ಬಿಚ್ಚಿ ಗಾಯ ಪೂರ್ತಿ ಮಾಗಿದ ಮೇಲೆ ಪೆಟ್ಟಿಗೆಯಿಂದ ಕತ್ತಿ ತೆಗೆದೆ. ಇಡೀ ಮಧ್ಯಾಹ್ನ ಕಲ್ಲಿನ ಮೇಲೆ ಮಸೆದೆ. ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಅರವತ್ತು ಸಲ ಎಳೆದೆ. ತುದಿಗೆ ಕೂದಲು ತಾಕಿಸಿದೆ, ತುಂಡಾಯಿತು. ಅಪ್ಪನ ಮುಂದೆ ಕೂತು ಬಾಟಲಿಯ ವಿಷಯ ಹೇಳಿದೆ.

ಅವನ ಕೈ ದವಡೆಯ ಕೆಳಗಿನ ಕಲೆಗೆ ಹೋಯಿತು. ಬೈದಿದ್ದರೆ ಹಗುರಾಗುತ್ತಿದ್ದೆ.

"ಕತ್ತಿ ಮೊಂಡು ಮಾಡಿದ್ದಕ್ಕೆ ಬೇಜಾರಿಲ್ಲ" ಅಂದ ಕೊನೆಗೆ. "ಇಷ್ಟು ದಿನ ನನ್ನ ಕೈ ಸತ್ತೋಯ್ತು ಅಂತ ಅಳ್ತಾ ಕೂತಿದ್ದೆ. ನೀನು ನೋಡ್ತಾ ಇದ್ದೆ."

"ಹೆದರಿಕೆ ಅಪ್ಪಾ."

"ಕತ್ತಿಗೆ ಹೆದರಿದ್ಯೋ, ನನಗೋ?"

ನಾನು ಕಲ್ಲು ಒರೆಸತೊಡಗಿದೆ. ಅವನೇ ಎದ್ದ. "ಕನ್ನಡಿ ತಗೊಂಡು ಒಳಗೆ ಬಾ. ಬಾಗಿಲ ಹಿಂದೆ ನಿಂತಿದ್ದು ಸಾಕು."

ಗೊತ್ತಿತ್ತೇ ಇವನಿಗೆ! ಕನ್ನಡಿ ಹಿಡಿದು ಎದುರು ನಿಂತೆ. ನೊರೆ ಹಚ್ಚುವಾಗ ಅವನ ಕೈ ಎಂದಿನಂತೆ ತರತರ ನಡುಗಿತು. ಕತ್ತಿ ಬಿಚ್ಚುವಾಗಲೂ ನಡುಗಿತು. ಅಲಗು ಚರ್ಮಕ್ಕೆ ಕೂತದ್ದೇ ನಡುಕ ನಿಂತಿತು. ಇಷ್ಟು ತಿಂಗಳು ಬಾಗಿಲ ಹೊರಗೆ ನಿಂತು ಕಿವಿಗೊಟ್ಟ ನಾನು ಇದನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಕೆನ್ನೆಗಳು ಮುಗಿದವು. ಅವನು ಗದ್ದ ಎತ್ತಿ, ಕತ್ತಿಯ ತುದಿಯನ್ನು ಹೊಲಿಗೆಯ ಕಲೆಯ ಪಕ್ಕಕ್ಕೆ ತಂದ. ಅವನು ಅಲ್ಲೇ ತಡೆದ.

"ಕನ್ನಡಿ ಅಲ್ಲಾಡಿಸ್ಬೇಡ ಕಣೇ, ಮುಖ ಕಾಣ್ತಿಲ್ಲ."

ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಆದರೂ ಅದು ಅಲ್ಲಾಡುತ್ತಲೇ ಇತ್ತು.