ಟ್ಯೂಬ್‌ಲೈಟಿನ ಹಲ್ಲಿ

ಅಂಬಲಪಾಡಿಯ ನಮ್ಮ ಮನೆಯಲ್ಲಿ ಯಜಮಾನ ಯಾರು ಎಂದು ಕೇಳಿದರೆ ನಾನು ಚಾವಡಿಯ ಟ್ಯೂಬ್‌ಲೈಟಿನ ಹಿಂದಿರುವ ಹಲ್ಲಿಯನ್ನು ತೋರಿಸುತ್ತೇನೆ. ನನ್ನ ಅಣ್ಣ ತಾರಾನಾಥ ಏನಾದರೂ ಹೇಳುವಾಗ ಅದು ಲೊಚಗುಟ್ಟಿದರೆ ಆ ಮಾತು ಸತ್ಯವಂತೆ. ಕೂಡಲೇ ಬಗ್ಗಿ, ಬೆರಳಿನಿಂದ ನೆಲ ಕುಟ್ಟಿ, "ಕೃಷ್ಣ ಕೃಷ್ಣ" ಎನ್ನುತ್ತಾನೆ. ಅದು ಬಾಯಿ ಬಿಡದಿದ್ದರೆ ಹಿಡಿದ ಕೆಲಸ ಅಲ್ಲಿಗೇ ನಿಂತಿತು. ಅದರ ಬಾಲ ಒಮ್ಮೆ ಕಳಚಿಹೋಗಿ ಮೊಂಡಾಗಿ ಬೆಳೆದದ್ದು. ಅದಕ್ಕೇ ನಮಗೆಲ್ಲ ಅದರ ಗುರುತು ಚೆನ್ನಾಗಿ ಉಂಟು.

ಅಣ್ಣನ ಮಗಳು ಮೋಕ್ಷಾಳನ್ನು ಉಚ್ಚಿಲದ ಪ್ರಖ್ಯಾತ ಎಂಬವನಿಗೆ ಅವನ ಮನೆಯವರು ಕೇಳಿದ್ದರು. ಬೋಟಿನ ಇಂಜಿನ್ ರಿಪೇರಿ ಮಾಡುವ ಹುಡುಗ, ಇಬ್ಬರಿಗೂ ಮನಸ್ಸಿತ್ತು. ಅಣ್ಣ ದಿನಾ ಸಂಜೆ ಗೋಡೆ ನೋಡಿ "ಹುಡುಗಿಯನ್ನು ಕೊಡುವ" ಎನ್ನುತ್ತಿದ್ದ. ಹಲ್ಲಿ ಹುಳ ನುಂಗಿ, ರೆಪ್ಪೆಯಿಲ್ಲದ ಕಣ್ಣನ್ನು ನಾಲಗೆಯಿಂದ ಒರೆಸಿಕೊಂಡು ಸುಮ್ಮನಿರುತ್ತಿತ್ತು. ತಾಯಿಯಿಲ್ಲದ ಹುಡುಗಿ ಸೊರಗಿಹೋದಳು. ಕೊನೆಗೆ ಪ್ರಖ್ಯಾತನ ತಾಯಿ ಫೋನ್ ಮಾಡಿ, ನಾಳೆಯೊಳಗೆ ಹೇಳದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದರು.

ನನಗೆ ಪಿತ್ತ ನೆತ್ತಿಗೇರಿತು. ಹಲ್ಲಿ ಲೊಚಗುಟ್ಟುವುದು ತನ್ನ ಜಾಗಕ್ಕಾಗಿ, ನಮ್ಮ ಮದುವೆಗಲ್ಲ. ಒಂದು ಗಂಡು ಹಲ್ಲಿಯ ಗೋಡೆಗೆ ಇನ್ನೊಂದು ಗಂಡು ಬಂದರೆ ಸಾಕು, ಶುರು. ಇದನ್ನು ಅಡುಗೆಮನೆಯಲ್ಲಿ ಎಷ್ಟು ಸಲ ನೋಡಿಲ್ಲ! ಸರಿ, ಅಲ್ಲಿನ ದಪ್ಪ ತಲೆಯದ್ದನ್ನು ಹಿಡಿಯಲು ಹೋದೆ. ಬಾಲ ನನ್ನ ಕೈಯಲ್ಲೇ ಉಳಿದು ಒದ್ದಾಡತೊಡಗಿತು, ಥೂ. ಬಾಲವಿಲ್ಲದ ಹಲ್ಲಿಯನ್ನು ಹೇಗೋ ಡಬ್ಬಿಗೆ ಹಾಕಿ, ಅಣ್ಣ ಕಾಲು ತೊಳೆಯಲು ಹೋದಾಗ ಚಾವಡಿಯ ಗೋಡೆಗೆ ಬಿಟ್ಟೆ. ಅದು ಓಡಿಹೋಗಿ ಕ್ಯಾಲೆಂಡರಿನ ಹಿಂದೆ ಅಡಗಿತು.

ಅಣ್ಣ ಬಂದು ಕುರ್ಚಿಯಲ್ಲಿ ಕುಳಿತು "ಕೊಡುವ" ಎಂದ. ಮೋಕ್ಷಾ ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಬಾ ಮಾರಾಯ ಎಂದು ನಾನು ಮನಸ್ಸಿನಲ್ಲೇ ಆ ಹಲ್ಲಿಗೆ ಬೈಯುತ್ತಿದ್ದೆ. ತುಂಬ ಹೊತ್ತು ಕಾದು ಅಣ್ಣನಿಗೆ ಸಾಕಾಯಿತು.

"ಹಾಗಾದ್ರೆ ಬೇಡ," ಎಂದ.

ಆ ಗಳಿಗೆಯಲ್ಲೇ ಕ್ಯಾಲೆಂಡರಿನ ಹಿಂದಿನಿಂದ ಅದು ತಲೆ ಹೊರಹಾಕಿತು. ಟ್ಯೂಬ್‌ಲೈಟಿನದ್ದು ಲೊಚ ಲೊಚ ಲೊಚ ಎಂದಿತು.

ಅಣ್ಣ ಬಗ್ಗಿ ನೆಲ ಕುಟ್ಟುತ್ತಲೇ ನನ್ನ ಕಡೆ ನೋಡಿದ. "ಕೃಷ್ಣ ಕೃಷ್ಣ. ಇನ್ನೆಂತ ಉಂಟು ಬೇಬಿ, ಅವರಿಗೆ ಹೇಳಿಬಿಡು."

"ಇನ್ನೊಂದು ಹಲ್ಲಿಯನ್ನು ನಾನೇ ತಂದು ಬಿಟ್ಟದ್ದಣ್ಣ, ಅದಕ್ಕೇ ಇದು ಕೂಗಿದ್ದು," ಎಂದೆ.

"ನೀನು ಸುಮ್ಮನಿರು ಮಾರಾಯ್ತಿ."

ಮೋಕ್ಷಾ ಅಳಲಿಲ್ಲ. ಮೆಲ್ಲನೆ ಹೇಳಿದಳು: "ಅಪ್ಪ, ಅಮ್ಮ ಆಸ್ಪತ್ರೆಯಲ್ಲಿದ್ದಾಗ ನೀವು ಇದೇ ಕುರ್ಚಿಯಲ್ಲಿ ಕೂತು, ಅವಳು ಗುಣವಾಗಿ ಮನೆಗೆ ಬರ್ತಾಳೆ ಅಂದಿದ್ರಿ. ಆಗಲೂ ಈ ಮೊಂಡು ಬಾಲದ್ದೇ ಲೊಚಗುಟ್ಟಿದ್ದು. ನೀವು ನೆಲ ಕುಟ್ಟಿದ್ರಿ. ನಾನೂ ಕುಟ್ಟಿದ್ದೆ."

ಅಣ್ಣನ ಬೆರಳು ಇನ್ನೂ ನೆಲದ ಮೇಲೇ ಇತ್ತು. ಗೋಡೆಯ ಮೇಲೆ ಎರಡೂ ಅಟ್ಟಾಡಿಸಿಕೊಳ್ಳುತ್ತಿದ್ದವು, ಅವನು ತಲೆ ಎತ್ತಿ ನೋಡಲಿಲ್ಲ.

"ಫೋನ್ ಕೊಡು ಬೇಬಿ," ಎಂದ ಕೊನೆಗೆ. "ನಾನೇ ಮಾತಾಡ್ತೇನೆ."

ಉಚ್ಚಿಲಕ್ಕೆ ಫೋನ್ ಮಾಡಿ, "ನಮ್ಮ ಹುಡುಗಿಯನ್ನು ಕೊಡ್ತೇವೆ," ಎಂದ. ಹಲ್ಲಿ ಆಗಲೂ ಲೊಚಗುಟ್ಟಿತು. ಅಣ್ಣ ನೆಲ ಕುಟ್ಟಲಿಲ್ಲ.